ಅರ್ಧ ನೋಟಿನ ಹಿಂದೆ ಸಿಲೋನಿಗೆ

ಕೊಪ್ಪ

ಸಿಲೋನಿಗೆ ಹೋಗಿಬಂದ ಮೇಲೆ ಕೊಪ್ಪದ ಜನ ನನ್ನನ್ನು ಕೇಳಿದ ಪ್ರಶ್ನೆಗಳು ಎರಡೇ. ರಾವಣನ ಅರಮನೆ ನೋಡಿದಿರಾ ಎಂಬುದು ಒಂದು, ಅಲ್ಲಿ ಊಟಕ್ಕೆ ಏನು ಮಾಡಿದಿರಿ ಎಂಬುದು ಇನ್ನೊಂದು. ಅರಮನೆ ನೋಡಲಿಲ್ಲ ಎಂದರೆ ಇಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದನಲ್ಲ ಎಂದು ಮರುಕಪಡುತ್ತಾರೆ. ಊಟದ ವಿಷಯ ಬಾಯಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಅಂಚೆ ಕಚೇರಿಯಲ್ಲಿ ಮೊಹರು ಕುಟ್ಟಿ ಕುಟ್ಟಿ ಪಿಂಚಣಿಗೆ ಬಂದವನು. ಕೆಲಸದಲ್ಲಿದ್ದಾಗಲೇ ಹಳೆಯ ಕಾಗದದ ನೋಟುಗಳನ್ನು ಕೂಡಿಹಾಕುವ ಚಟ ಹತ್ತಿತು. ಯಾರಾದರೂ ಮನಿಯಾರ್ಡರು ಕಟ್ಟಲು ಹಳೆಯ ನೋಟು ತಂದರೆ ನನ್ನ ಸಂಬಳದ ಹೊಸ ನೋಟು ಪೆಟ್ಟಿಗೆಗೆ ಹಾಕಿ ಅದನ್ನು ನಾನಿಟ್ಟುಕೊಳ್ಳುತ್ತಿದ್ದೆ. ಒಂದೇ ಮಗ್ಗುಲಿಗೆ ಅಚ್ಚಾದ, ಹಿಂದೆ ಪೂರಾ ಬಿಳಿಯಾಗಿರುವ ನೋಟುಗಳು ನನ್ನಲ್ಲಿವೆ. ಯುದ್ಧಕಾಲದಲ್ಲಿ ಹೊರಡಿಸಿದ ಎರಡೂವರೆ ರೂಪಾಯಿಯ ನೋಟೂ ಇದೆ. ಎರಡರದ್ದು ಮಾಡಬೇಕೋ ಮೂರರದ್ದು ಮಾಡಬೇಕೋ ಎಂದು ಸರಕಾರದ ಒಳಗೇ ಜಗಳವಾಗಿ, ಯಾರೋ ಹಿರಿಯರು ಮಧ್ಯೆ ಬಿದ್ದು ತೀರ್ಮಾನ ಮಾಡಿದ ಹಾಗಿದೆ ಅದು.

ನನ್ನ ಹೆಂಡತಿ ಸಾವಿತ್ರಿಗೆ ಈ ಚಟದ ಮೇಲೆ ಬಹಳ ಗೌರವ. "ಊರೋರೆಲ್ಲ ನೋಟು ಕೊಟ್ಟು ಸೀರೆ ತರ್ತಾರೆ. ನಮ್ಮನೆಯೋರು ನೋಟು ಕೊಟ್ಟು ನೋಟು ತರ್ತಾರೆ" ಎಂದು ಬಂದವರ ಮುಂದೆಲ್ಲ ಹೊಗಳುತ್ತಾಳೆ.

ನಮ್ಮ ಸೀಮೆಯಲ್ಲಿ ನೋಟು ಕೂಡಿಹಾಕುವುದು ಸುಲಭವಲ್ಲ. ಅಡಿಕೆ ಸಾಹುಕಾರರು ಕಂತೆಗೆ ದಬ್ಬಣ ಚುಚ್ಚಿ ದಾರ ಪೋಣಿಸುತ್ತಾರೆ. ದೀಪಾವಳಿ ಲಕ್ಷ್ಮೀಪೂಜೆಯಲ್ಲಿ ಚಕ್ರವರ್ತಿಗಳ ಮುಖಕ್ಕೆ ಅರಿಶಿನ ಕುಂಕುಮ ಬಳಿಯುತ್ತಾರೆ. ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಂಡು ತಿರುಗುತ್ತಾರೆ. ಇಷ್ಟೆಲ್ಲ ಆಗಿಯೂ ಬದುಕಿ ಉಳಿದ ನೋಟು ಕಂಡರೆ ನನಗೆ ಕೈಮುಗಿಯಬೇಕೆನ್ನಿಸುತ್ತದೆ.

ಶೃಂಗೇರಿ

ನೆಂಟರ ಮನೆಯ ಉಪನಯನಕ್ಕೆ ಶೃಂಗೇರಿಗೆ ಹೋಗಿದ್ದಾಗ ರುಕ್ಮಿಣಮ್ಮ ಎಂಬವರು ನನ್ನನ್ನು ಹೇಳಿಕಳಿಸಿ ಕರೆಸಿಕೊಂಡರು. ಐವತ್ತು ದಾಟಿದ ಹೆಂಗಸು. ಹಪ್ಪಳ ಮಾಡಿ ಮಾರುವುದು ಅವರ ಉದ್ಯೋಗ. ಎರಡಾಳು ಕೆಲಸಕ್ಕಿದ್ದರೂ ಹಿಟ್ಟು ಅವರೇ ಕುಟ್ಟಬೇಕು, ಬೇರೆಯವರು ಕುಟ್ಟಿದರೆ ಅವರಿಗೆ ಸರಿಬರುವುದಿಲ್ಲ.

"ಹಳೇ ನೋಟು ಕಂಡ್ರೆ ಬಿಡೋದಿಲ್ವಂತೆ ನೀವು. ಇದು ಎಂತಕಾದ್ರೂ ಬರುತ್ತಾ ನೋಡಿ ಪೋಸ್ಟ್ ಮಾಸ್ಟ್ರೆ" ಎಂದು ಒಂದು ಹಳೆಯ ಲಕೋಟೆ ಮುಂದಿಟ್ಟರು.

ಒಳಗಿದ್ದದ್ದು ಒಂದೇ ಮಗ್ಗುಲಿನ ನೂರು ರೂಪಾಯಿ ನೋಟಿನ ಎಡಗಡೆಯ ಅರ್ಧ. ಒಂದು ಸುಕ್ಕಿಲ್ಲ, ಒಂದು ಚುಕ್ಕೆಯಿಲ್ಲ. ಬೆಳಕಿಗೆ ಹಿಡಿದರೆ ಕಾಗದದೊಳಗಿನ ನೀರಚ್ಚು ಆಗಷ್ಟೇ ಕಾರ್ಖಾನೆಯಿಂದ ಬಂದಂತೆ ಕಾಣುತ್ತಿತ್ತು.

ಈಗಿನವರಿಗೆ ಅರ್ಧ ನೋಟಿನ ಪದ್ಧತಿ ಗೊತ್ತಿರಲಾರದು. ಹಿಂದೆ ದೊಡ್ಡ ನೋಟು ಅಂಚೆಯಲ್ಲಿ ಕಳಿಸುವವರು ದಾರಿಯಲ್ಲಿ ಯಾರಾದರೂ ಲಪಟಾಯಿಸಿಯಾರೆಂದು ಅದನ್ನು ನಡುವೆ ಕತ್ತರಿಸುತ್ತಿದ್ದರು. ನಂಬರು ಎರಡು ಕಡೆಯೂ ಅಚ್ಚಾಗಿರುತ್ತಿತ್ತು. ಮೊದಲು ಒಂದರ್ಧ ಹೋಗಬೇಕು, ಅದು ಮುಟ್ಟಿತೆಂದು ಅತ್ತಲಿಂದ ಕಾಗದ ಬರಬೇಕು, ಆಮೇಲೆ ಇನ್ನರ್ಧ. ಎರಡನ್ನೂ ಅಂಟಿಸಿ ಖಜಾನೆಗೆ ಕೊಟ್ಟರೆ ಹಣ ಸಿಗುತ್ತಿತ್ತು, ನೋಟನ್ನು ಅವರು ಸುಟ್ಟುಬಿಡುತ್ತಿದ್ದರು. ಹೀಗಾಗಿ ಒಂದೇ ನಂಬರಿನ ಎರಡು ತುಂಡು ಒಟ್ಟಿಗೆ ಉಳಿದದ್ದನ್ನು ನಾನು ಕಂಡಿರಲಿಲ್ಲ, ಕಂಡವರನ್ನೂ ಕಂಡಿರಲಿಲ್ಲ.

"ಇನ್ನರ್ಧ ಎಲ್ಲಿ ಅಮ್ಮ?"

"ಅವರ ಹತ್ರ."

"ಯಾರ ಹತ್ರ?"

ಗಂಡನ ಹೆಸರು ಬಾಯಲ್ಲಿ ಹೇಳುವ ಕಾಲದವರಲ್ಲ ಅವರು. "ಅಲ್ಲೇ ಬರ್ದಿದ್ಯಲ್ಲ, ಓದ್ಕಳಿ" ಎಂದು ಲಕೋಟೆ ತೋರಿಸಿದರು. ಸೀತಾರಾಮಯ್ಯ, ಕೊಲಂಬೊ ಪೇಟೆ, ಎಂದು ಬೀದಿಯ ಹೆಸರಿನ ಸಮೇತ ಇತ್ತು. ಹೆಂಡತಿಯನ್ನು ಇಲ್ಲೇ ಬಿಟ್ಟು ತಾನೇ ಲಂಕೆಗೆ ಹೋದ ಸೀತಾರಾಮನ ಕಥೆ ನಾನು ಕೇಳಿದ್ದು ಇದೇ ಮೊದಲು.

ಮದುವೆಯಾಗಿ ನಾಲ್ಕು ವರ್ಷಕ್ಕೆ ಹೋಟೆಲು ಹಾಕುತ್ತೇನೆಂದು ಹೋದವರಂತೆ. ಎರಡು ವರ್ಷ ಸುದ್ದಿಯಿಲ್ಲ. ಆಮೇಲೆ ಈ ಲಕೋಟೆ. ಜೊತೆಗಿದ್ದ ಚೀಟಿಯನ್ನೂ ಓದಿದೆ. "ಅರ್ಧ ನೋಟು ಇಟ್ಟಿದೆ. ಮುಟ್ಟಿದ್ದಕ್ಕೆ ಬರೆಯತಕ್ಕದ್ದು. ಬರೆದ ಮೇಲೆ ಉಳಿದರ್ಧ ಕಳಿಸಲಾಗುವುದು."

"ಬರೆಸಲಿಲ್ಲವೇ ನೀವು?"

ರುಕ್ಮಿಣಮ್ಮ ಲಟ್ಟಣಿಗೆ ಕೆಳಗಿಟ್ಟರು. "ಎಂತಕೆ ಬರೆಸ್ಲಿ? ಹೆಂಗಿದ್ದೀಯ ಅಂತ ಒಂದು ಅಕ್ಷರ ಇದ್ಯಾ ಅದ್ರಲ್ಲಿ? ನಾನೆಂತ ಅಂಗಡಿಯವಳಾ, ಮಾಲು ಮುಟ್ಟಿತು ಅಂತ ರಶೀದಿ ಬರ್ಕೊಡ್ಲಿಕ್ಕೆ? ಪೂರಾ ಕಳಿಸ್ಲಿ, ಆಮೇಲೆ ಬರೆಸ್ತೀನಿ ಅಂತ ಕೂತೆ."

ಕೂತು ಇಪ್ಪತ್ತೆಂಟು ವರ್ಷವಾಗಿತ್ತು. ಅಷ್ಟರೊಳಗೆ ಅವರ ಊರಿಗೆ ಪ್ಲೇಗು ಬಂದು ಓಣಿಗೆ ಓಣಿಯೇ ಖಾಲಿಯಾಗಿ, ಅವರು ಶೃಂಗೇರಿಯ ಅಕ್ಕನ ಮನೆ ಸೇರಿದ್ದರು. ಹಣೆಯ ಮೇಲೆ ಮಾತ್ರ ಕಾಸಗಲ ಕುಂಕುಮ.

"ಇಟ್ಕಂಡಿದ್ದೀನಿ, ಸರಿಯೋ ತಪ್ಪೋ ಗೊತ್ತಿಲ್ಲ" ಎಂದರು. "ನಿಮಗೆ ಪಿಂಚಣಿ ಬರುತ್ತೆ, ಕೆಲಸ ಇಲ್ಲ. ಹೋಗಿ ಅವರು ಇದ್ದಾರೋ ಇಲ್ವೋ ನೋಡ್ಕಂಡು ಬನ್ನಿ. ಆ ಅರ್ಧ ಸಿಕ್ಕಿದ್ರೆ ತನ್ನಿ. ಎರಡೂ ನಿಮಗೇ."

ಮೊದಲಿನ ಎರಡು ಮಾತು ನನ್ನ ಕಿವಿಗೆ ಬಿದ್ದವೋ ಇಲ್ಲವೋ. ಕೊನೆಯದು ಸರಿಯಾಗಿ ಬಿತ್ತು. ತುಂಡನ್ನು ಅವರು ಕೈಬಿಡಲೊಲ್ಲದ್ದರಿಂದ ನಂಬರನ್ನೂ ವಿಳಾಸವನ್ನೂ ಬರೆದುಕೊಂಡೆ, ಸಂಜೆಯೊಳಗೆ ಬಾಯಿಪಾಠವೂ ಆಯಿತು.

ಎಡೇಹಳ್ಳಿ

ಸರಕಾರ ಇದಕ್ಕೆ ನರಸಿಂಹರಾಜಪುರ ಎಂದು ಹೆಸರಿಟ್ಟು ಎಷ್ಟೋ ವರ್ಷವಾಯಿತು. ಊರಿನವರಿಗೆ ಇನ್ನೂ ತಿಳಿಸಿಲ್ಲವೆಂದು ಕಾಣುತ್ತದೆ, ಎಲ್ಲರೂ ಎಡೇಹಳ್ಳಿ ಎಂದೇ ಅನ್ನುತ್ತಾರೆ. ಇಲ್ಲಿಂದ ತರೀಕೆರೆಗೆ ಹೋಗುವ ಸಣ್ಣ ರೈಲಿಗೆ ಟ್ರಾಂ ಎಂದು ಹೆಸರು. ಅದಕ್ಕೆ ಯಾವ ಆತುರವೂ ಇಲ್ಲ. ಕಾಡಿನ ಮಧ್ಯೆ ಒಂದು ಕಡೆ ನಿಂತಿತು. ಕೇಳಿದರೆ, ಇಂಜಿನ್ನಿನವನಿಗೆ ಎಲೆ ಹಾಕಿಕೊಳ್ಳಬೇಕಿತ್ತಂತೆ.

ಪಕ್ಕದಲ್ಲಿ ಬಾಳೆಹೊನ್ನೂರು ಕಡೆಯ ವ್ಯಾಪಾರಿಯೊಬ್ಬರು ಕುಳಿತಿದ್ದರು. ಹಣೆ ತುಂಬ ವಿಭೂತಿ, ಮಡಿಲಲ್ಲಿ ಮೆಣಸಿನ ಮಾದರಿಯ ಚೀಲ. ಸಿಲೋನಿಗೆ ಅರ್ಧ ನೋಟು ತರಲು ಹೋಗುತ್ತಿದ್ದೇನೆ ಎಂದೆ.

"ಅಲ್ಲ ಮಾರಾಯ್ರೆ, ಪೂರಾ ನೋಟು ಬೇಕಾದ್ರೆ ಎಲ್ಲಿಗೆ ಹೋಗ್ತಿದ್ರಿ? ಲಂಡನ್ನಿಗಾ?" ಎಂದರು ಅವರು, ಬಹಳ ಗಂಭೀರವಾಗಿ.

ಮಂಡಪಂ

ರಾಮೇಶ್ವರದ ಹತ್ತಿರ ಮಂಡಪಂ ಎಂಬಲ್ಲಿ ಸಿಲೋನಿಗೆ ಹೋಗುವವರನ್ನು ತಡೆದು ರೋಗರುಜಿನ ಇದೆಯೇ ಎಂದು ನೋಡುತ್ತಾರೆ. ಬೂಟು ಹಾಕಿದವರ ನಾಲಿಗೆ ನೋಡಿ ಬಿಡುತ್ತಾರೆ. ಚಹದ ತೋಟಗಳಿಗೆ ಹೋಗುವ ಕೂಲಿಗಳನ್ನು ಕೆಲವು ದಿನ ಕೂಡಿಹಾಕುತ್ತಾರೆ. ನಾನು ಪಂಚೆ ಉಟ್ಟು, ಬರಿಗಾಲಲ್ಲಿ, ಹೆಗಲ ಮೇಲೆ ಉಣ್ಣೆಯ ಕೋಟು ಹಾಕಿಕೊಂಡು ನಿಂತಿದ್ದೆ.

"ಸಿಲೋನಿನಲ್ಲಿ ಏನು ಕೆಲಸ?" ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು.

ಜೀವಮಾನವಿಡೀ ಸರಕಾರಿ ನೌಕರಿ ಮಾಡಿದವನು, ಸರಕಾರದವರು ಕೇಳಿದರೆ ನಿಜ ಹೇಳುವ ಕೆಟ್ಟ ಅಭ್ಯಾಸ. "ಹರಿದ ನೋಟಿನ ಇನ್ನೊಂದು ತುಂಡು ಹುಡುಕುವುದು" ಎಂದೆ. ಅವರು ನನ್ನ ಕಣ್ಣು ಅಗಲಿಸಿ ನೋಡಿದರು, ಜ್ವರ ನೋಡಿದರು, ಆಮೇಲೆ ಕೂಲಿಗಳ ಸಾಲನ್ನು ಬೆರಳಿನಿಂದ ತೋರಿಸಿದರು.

ಮೂರು ದಿನ ಅಲ್ಲಿದ್ದೆ. ಬಟ್ಟೆಗಳನ್ನೆಲ್ಲ ಒಯ್ದು ಹಬೆಯಲ್ಲಿ ಬೇಯಿಸಿ ತಂದುಕೊಟ್ಟರು. ನನ್ನ ಕೋಟು ಇಡ್ಲಿಯ ಹಾಗೆ ಬೆಂದಿತ್ತು, ಆದರೆ ಇಡ್ಲಿಯ ಹಾಗೆ ಉಬ್ಬದೆ ಕುಗ್ಗಿ, ಮೊಣಕೈಯಿಂದ ಕೆಳಗೆ ಬರಲೊಲ್ಲದಾಯಿತು. ಕಿಸೆಯಲ್ಲಿದ್ದ ಪುಸ್ತಕದಲ್ಲಿ ನಂಬರಿನ ಶಾಯಿ ಕದಡಿ ನೀಲಿ ಮೋಡವಾಗಿತ್ತು. ಬಾಯಿಪಾಠ ಮಾಡಿದ್ದು ಒಳ್ಳೆಯದಾಯಿತು.

ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ಕೂರಬೇಕು. ನಮ್ಮ ತೋಟಗಳ ಆಳುಗಳ ಸಾಲಿನಲ್ಲಿ ನಾನು ಒಂದು ದಿನವೂ ಕೂತವನಲ್ಲ, ಇಲ್ಲಿ ಕೂತೆ. ಪಕ್ಕದ ಹೆಂಗಸು "ನೀನು ಯಾವ ಮೇಸ್ತ್ರಿಯ ಕಡೆಯವನು?" ಎಂದು ತಮಿಳಿನಲ್ಲಿ ಕೇಳಿದಳು. ಅಂಚೆ ಇಲಾಖೆ ಎಂದೆ. "ಆ ತೋಟದಲ್ಲಿ ಕೂಲಿ ಕಡಿಮೆಯಂತಲ್ಲ" ಎಂದು ತನ್ನ ಉಪ್ಪಿನಕಾಯಿಯಲ್ಲಿ ಅರ್ಧ ನನಗೆ ಹಾಕಿದಳು. ಆ ಮೂರು ದಿನದಲ್ಲಿ ನನ್ನನ್ನು ಮನುಷ್ಯನೆಂದು ಕಂಡವಳು ಅವಳೊಬ್ಬಳೇ. ಹೆಸರು ಕೇಳಲಿಲ್ಲವೆಂದು ಈಗಲೂ ಬೇಸರವಾಗುತ್ತದೆ.

ಆಮೇಲೆ ಹಡಗು. ದೂರ ಸ್ವಲ್ಪವೇ. ಆದರೂ ಅರ್ಧ ದಾರಿಯಲ್ಲಿ, ಹನುಮಂತ ಹಡಗು ಹತ್ತದೆ ಹಾರಿಯೇ ಹೋದದ್ದು ಯಾಕೆಂದು ನನಗೆ ಚೆನ್ನಾಗಿ ಅರ್ಥವಾಯಿತು.

ಕೊಲಂಬೊ, ಪೇಟೆ

ಕೊಲಂಬೊದಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಕಡಲೂ ಅಲ್ಲ, ಕಟ್ಟಡಗಳೂ ಅಲ್ಲ. ವಯಸ್ಸಾದ ಸಿಂಹಳ ಗಂಡಸರು ತಲೆಗೂದಲನ್ನು ಹಿಂದೆ ಗಂಟು ಹಾಕಿ, ಮೇಲೆ ಬಾಗಿದ ಬಾಚಣಿಗೆಯೊಂದನ್ನು ಸಿಕ್ಕಿಸಿಕೊಂಡು ಗಂಭೀರವಾಗಿ ಓಡಾಡುತ್ತಾರೆ. ಜುಟ್ಟು ನಮ್ಮಲ್ಲೂ ಉಂಟು. ಆದರೆ ಬಾಚಣಿಗೆ ಮನೆಯಲ್ಲಿ ಹೆಂಗಸರ ಸುಪರ್ದಿಯಲ್ಲಿರುವುದರಿಂದ ನಮಗೆ ಈ ಶೋಭೆ ತಪ್ಪಿಹೋಗಿದೆ. ಇನ್ನೊಂದು ವಿಚಿತ್ರವೆಂದರೆ ಅಲ್ಲಿ ರೂಪಾಯಿಗೆ ಹದಿನಾರಾಣೆ ಇಲ್ಲ, ನೂರು ಸೆಂಟು. ಯಾರನ್ನಾದರೂ ಹದಿನಾರಾಣೆ ಪ್ರಾಮಾಣಿಕ ಎನ್ನಬೇಕಾದರೆ ಅವರು ಏನೆನ್ನುತ್ತಾರೋ.

ಪೇಟೆ ಎಂಬ ಬಡಾವಣೆ ಹೆಸರಿಗೆ ತಕ್ಕಂತೆ ಪೇಟೆಯೇ. ಲಕೋಟೆಯ ವಿಳಾಸದಲ್ಲಿ ಈಗ ಒಣಮೀನಿನ ಅಂಗಡಿ ಇತ್ತು. ಮೂಗು ಮುಚ್ಚಿಕೊಂಡು ವಿಚಾರಿಸಿದೆ. ಅಂಗಡಿಯವನು, "ನಿಮ್ಮ ಕಡೆಯವರ ಸುದ್ದಿ ಬೇಕಿದ್ದರೆ ಮೈಸೂರು ಅಯ್ಯರನ್ನು ಕೇಳಿ" ಎಂದು ಮುಂದಿನ ಬೀದಿಯ ಹೋಟೆಲೊಂದನ್ನು ತೋರಿಸಿದ.

ಮೈಸೂರು ಅಯ್ಯರ ಊಟದ ಮನೆ

ಹೋಟೆಲಿನ ಬಾಗಿಲು ಮುಚ್ಚಿತ್ತು. ತಟ್ಟಿದೆ. ಮಡಿಯುಟ್ಟ, ಬೋಳುತಲೆಯ, ಅರುವತ್ತರ ಹತ್ತಿರದ ಗೃಹಸ್ಥರು ತೆರೆದರು. ನನ್ನ ಜನಿವಾರ ನೋಡಿದರು, ಕುಗ್ಗಿದ ಕೋಟು ನೋಡಿದರು.

"ಯಾವ ಕಡೆ?"

"ಶೃಂಗೇರಿ ಹತ್ತಿರ, ಕೊಪ್ಪ."

ಅವರ ಕಣ್ಣಲ್ಲಿ ನೀರೇ ಬಂತು. "ದೇವರೇ ಕಳಿಸ್ದ ನೋಡಿ ನಿಮ್ಮನ್ನ! ಇವತ್ತು ಮನೇಲಿ ಶ್ರಾದ್ಧ. ಹೇಳಿದ ಬ್ರಾಹ್ಮಣನಿಗೆ ಜ್ವರ ಬಂದು ಮಲಗಿದಾನೆ. ಈ ಊರಲ್ಲಿ ಇನ್ನೊಬ್ಬನ್ನ ಎಲ್ಲಿಂದ ತರ್ಲಿ? ಬೇಗ ಸ್ನಾನ ಮಾಡಿ. ಮಾತೆಲ್ಲ ಆಮೇಲೆ."

ಮೂರು ದಿನ ಕ್ಯಾಂಪಿನ ಗಂಜಿ ಕುಡಿದವನಿಗೆ ಒಳಗಿನಿಂದ ವಡೆ ಕರಿಯುವ ವಾಸನೆ ಬರುತ್ತಿತ್ತು. ಸೀತಾರಾಮಯ್ಯನ ವಿಚಾರ ಊಟದ ಮೇಲೆ ಕೇಳಿದರಾಯಿತು ಎಂದುಕೊಂಡೆ. ನಲ್ಲಿಯ ಕೆಳಗೆ ಕೂತು ಮಿಂದು, ಅವರು ಕೊಟ್ಟ ಮಡಿಬಟ್ಟೆ ಉಟ್ಟು ಮಣೆಯ ಮೇಲೆ ಕೂತೆ.

ಇನ್ನೊಂದು ಮಣೆಯಲ್ಲಿ ಒಬ್ಬ ಮುತ್ತೈದೆ ಕೂತಿದ್ದರು. ಆ ದಿನ ಅವಿಧವಾ ನವಮಿ, ಗಂಡನಿಗಿಂತ ಮೊದಲು ತೀರಿಕೊಂಡ ಹೆಂಗಸರಿಗಾಗಿ ಮಾಡುವ ದಿನ. ಹೆಂಡತಿ ಸತ್ತ ತಿಥಿ ಗೊತ್ತಿಲ್ಲದ್ದರಿಂದ ಇದೇ ದಿನ ಮಾಡುತ್ತಾ ಬಂದಿದ್ದೇನೆ ಎಂದು ಅಯ್ಯರು ಪುರೋಹಿತರಿಗೆ ಹೇಳುತ್ತಿದ್ದರು. ಹೆಂಡತಿ ಸತ್ತ ದಿನವೇ ಗೊತ್ತಿಲ್ಲದ ಗಂಡ ಎಂಥವನು ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಆಗ ಪುರೋಹಿತರು ಗೋತ್ರ ಹೇಳಿ ತೀರಿಕೊಂಡವರ ಹೆಸರು ಹೇಳಿದರು. ರುಕ್ಮಿಣಿ.

ತಲೆಯೆತ್ತಿ ನೋಡಿದೆ. ದರ್ಭೆಯ ಪಕ್ಕದ ಬೆಳ್ಳಿ ತಟ್ಟೆಯಲ್ಲಿ, ಹೂವಿನ ನಡುವೆ, ಒಂದು ನೋಟಿನ ಬಲಗಡೆಯ ಅರ್ಧ. ಅದರ ತುಂಬ ಅರಿಶಿನ, ಅದರ ತುಂಬ ಕುಂಕುಮ. ನಂಬರು ಮಾತ್ರ ಕಾಣುತ್ತಿತ್ತು. ಅದು ನನಗೆ ಬಾಯಿಪಾಠವಿತ್ತು.

ಓದುಗರಿಗೆ ಶ್ರಾದ್ಧದ ನಿಯಮ ಗೊತ್ತೇ ಇದೆ. ಮಣೆಯ ಮೇಲೆ ಕೂತ ಬ್ರಾಹ್ಮಣ ನಡುವೆ ಏಳುವಂತಿಲ್ಲ, ಊಟ ಮಾಡುವಾಗ ಮಾತಾಡುವಂತಿಲ್ಲ, ಎದ್ದರೆ ಕರ್ಮ ಕೆಡುತ್ತದೆ. ಬದುಕಿರುವವಳ ಶ್ರಾದ್ಧದಲ್ಲಿ ಕೆಡಲು ಏನಿದೆ ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ಶೃಂಗೇರಿಯಲ್ಲಿ ಹಪ್ಪಳ ಲಟ್ಟಿಸುತ್ತಾ ಕೂತವರ ಆತ್ಮಕ್ಕೆ ತೃಪ್ತಿಯಾಗಲೆಂದು ನಾನು ಬಾಯಿಮುಚ್ಚಿಕೊಂಡು ಒಂಬತ್ತು ವಡೆ ತಿಂದೆ. ಪಾಯಸ ಎರಡು ಸಲ ಬಡಿಸಿದರು. ಗಂಟಲಲ್ಲಿ ಇಳಿಯಲಿಲ್ಲವೆಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಇಳಿಯಿತು.

ಬಡಿಸುತ್ತಿದ್ದವರು ಅಯ್ಯರ ಈಗಿನ ಹೆಂಡತಿ ಕಮಲಮ್ಮ, ಕಾಸರಗೋಡು ಕಡೆಯವರು.

ಕೈ ತೊಳೆದ ಮೇಲೆ ದಕ್ಷಿಣೆಯ ಹೊತ್ತು. "ತೃಪ್ತಿ ಆಯ್ತಾ? ಏನು ಬೇಕೋ ಕೇಳಿ" ಎಂದರು ಸೀತಾರಾಮಯ್ಯ.

"ಆ ಅರ್ಧ ನೋಟು" ಎಂದೆ.

ಅವರು ತಟ್ಟೆಯನ್ನು ಎದೆಗೆ ಒತ್ತಿಕೊಂಡರು. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ. ಅರ್ಧ ಕಳಿಸ್ದೆ, ಮುಟ್ಟಿತು ಅಂತ ಬರ್ಲಿಲ್ಲ. ಬರದೆ ಇದ್ರೆ ಉಳಿದದ್ದು ಹೆಂಗೆ ಕಳಿಸ್ಲಿ? ಆಮೇಲೆ ಪ್ಲೇಗಿನಲ್ಲಿ ನಮ್ಮ ಓಣಿ ಪೂರಾ ಹೋಯ್ತು ಅಂತ ಯಾರೋ ಹೇಳಿದ್ರು. ಆಗ ಗೊತ್ತಾಯ್ತು, ಯಾಕೆ ಬರೀಲಿಲ್ಲ ಅಂತ. ಅವಳದ್ದು ಅಂತ ನನ್ನ ಹತ್ರ ಇರೋದು ಇದೊಂದೇ."

ಅತ್ತುಬಿಟ್ಟರು. ಆ ಅಳು ಸುಳ್ಳಾಗಿರಲಿಲ್ಲ.

ನಾನು ಸುಮ್ಮನೆ ಎದ್ದು ಬರಬಹುದಿತ್ತು. ಗಂಡ ಇದ್ದಾರೆ ಎಂದು ತಿಳಿದಾಗಿತ್ತು, ರುಕ್ಮಿಣಮ್ಮನವರ ಕುಂಕುಮ ಸರಿ ಎಂದು ಹೋಗಿ ಹೇಳಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ನೋಟು ಎರಡು ಮೊಳ ದೂರದಲ್ಲಿತ್ತು. ನಿಜ ಹೇಳಿದರೆ ಅದನ್ನು ಇಟ್ಟುಕೊಳ್ಳಲು ಅವರಿಗೆ ಕಾರಣವೇ ಉಳಿಯುವುದಿಲ್ಲ ಎಂದು ನನಗೆ ಹೊಳೆಯಿತು. ಸತ್ಯಕ್ಕಾಗಿ ಸತ್ಯ ಹೇಳಿದೆನೆಂದು ಇಲ್ಲಿ ಬರೆದುಕೊಂಡರೆ ಯಾರೂ ವಿಚಾರಿಸಲು ಹೋಗುವುದಿಲ್ಲ. ಆದರೂ ಹೇಳುತ್ತೇನೆ, ನೋಟಿಗಾಗಿಯೇ ಹೇಳಿದ್ದು.

"ರುಕ್ಮಿಣಮ್ಮ ಬದುಕಿದ್ದಾರೆ. ಶೃಂಗೇರಿಯಲ್ಲಿದ್ದಾರೆ. ನನ್ನನ್ನು ಕಳಿಸಿದವರು ಅವರೇ."

ಪುರೋಹಿತರು ಪಂಚಪಾತ್ರೆ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ಹೇಗಿದ್ದಾಳೆ, ಏನು ಮಾಡುತ್ತಾಳೆ ಎಂದು ಸೀತಾರಾಮಯ್ಯ ಕೇಳುತ್ತಾರೆಂದು ಕಾದೆ. ಅವರ ಮುಖ ನಿಧಾನಕ್ಕೆ ಕೆಂಪಾಯಿತು.

"ಮತ್ತೆ ಮುಟ್ಟಿತು ಅಂತ ಬರೀಲಿಕ್ಕೆ ಏನು ರೋಗ ಬಂದಿತ್ತು ಅವಳಿಗೆ?" ಎಂದರು.

ಅವರು ಕೇಳಿದ್ದು ಅದೊಂದೇ. ತಟ್ಟೆ ಕೆಳಗಿಟ್ಟು ಒಳಗೆ ಹೋದವರು ಹೊರಗೆ ಬರಲಿಲ್ಲ.

ಕಮಲಮ್ಮ ಹೂವನ್ನು ಬದಿಗೆ ಸರಿಸಿ ತುಂಡನ್ನು ತೆಗೆದು, ಸೆರಗಿನಿಂದ ಮೆಲ್ಲಗೆ ಒರೆಸಿ ನನ್ನ ಕೈಯಲ್ಲಿಟ್ಟರು. "ಅಕ್ಕನಿಗೆ ಕೊಡಿ. ಪ್ರತಿ ವರ್ಷ ಮಡಿಯಲ್ಲೇ ಮಾಡಿದ್ದೇನೆ, ಏನೂ ಕಡಿಮೆ ಮಾಡಲಿಲ್ಲ ಅಂತ ಹೇಳಿ" ಎಂದರು. ಅವರಿಗೆ ನಮಸ್ಕಾರ ಮಾಡಿ ಬಂದೆ.

ಮತ್ತೆ ಶೃಂಗೇರಿ

ರುಕ್ಮಿಣಮ್ಮ ಹಪ್ಪಳ ಲಟ್ಟಿಸುತ್ತಿದ್ದರು. "ಇದ್ದಾರೆ" ಎಂದೆ. ಲಟ್ಟಣಿಗೆ ಒಂದು ಗಳಿಗೆ ನಿಂತು ಮತ್ತೆ ಉರುಳಿತು.

ತುಂಡನ್ನು ಕೊಟ್ಟೆ. ಅವರು ಒಳಗಿನಿಂದ ತಮ್ಮದನ್ನು ತಂದು ಮಣೆಯ ಮೇಲೆ ಎರಡನ್ನೂ ಜೋಡಿಸಿದರು. ಕತ್ತರಿಯ ಗೆರೆ ಕೂದಲಷ್ಟೂ ತಪ್ಪದೆ ಕೂಡಿತು. ಒಂದು ಭಾಗ ಹಾಲಿನ ಹಾಗೆ ಬಿಳಿ, ಇನ್ನೊಂದು ಭಾಗ ಹಳದಿ ಕೆಂಪು.

"ಇದೆಂತ ಇದು, ಇಷ್ಟು ಅರಿಶಿನ?"

ಮಂಡಪಂನಲ್ಲಿ ನಿಜ ಹೇಳಿ ಕೆಟ್ಟಿದ್ದೆ. ಬುದ್ಧಿ ಬರಲಿಲ್ಲ. ಎಲ್ಲ ಹೇಳಿದೆ, ಕಮಲಮ್ಮನವರ ಮಾತನ್ನೂ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ.

"ಎಷ್ಟು ವರ್ಷದಿಂದ?"

"ಇಪ್ಪತ್ತಾರು ವರ್ಷವಂತೆ."

"ವಡೆ ಮಾಡಿದ್ರಾ?"

"ಮಾಡಿದ್ದರು."

"ಪಾಯಸ?"

"ಎರಡು ಸಲ ಬಡಿಸಿದರು."

ರುಕ್ಮಿಣಮ್ಮ ನಗಲು ಶುರುಮಾಡಿದರು. ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ನಾಲ್ಕು ವರ್ಷ ಒಟ್ಟಿಗಿದ್ವಿ ಮಾಸ್ಟ್ರೆ. ಉಂಡ್ಯಾ ಅಂತ ಒಂದು ದಿನ ಕೇಳಿದೋರಲ್ಲ."

ಆಮೇಲೆ ಎರಡೂ ತುಂಡನ್ನು ಲಕೋಟೆಗೆ ಹಾಕಿ ನನ್ನ ಮುಂದೆ ತಳ್ಳಿದರು. "ಇಟ್ಕಳಿ. ನಿಮಗೆ ಅಂತ ಹೇಳಿದ್ದೆನಲ್ಲ." ಜೀವಮಾನದಲ್ಲಿ ನಾನು ಆಸೆಪಟ್ಟ ವಸ್ತು ಕೈಯಲ್ಲಿತ್ತು, ಒಂದೇ ನಂಬರಿನ ಜೋಡಿ. ಎದ್ದು ಹೊರಟೆ.

ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕರೆದರು.

"ಮುಂದಿನ ವರ್ಷ ಮಾಡ್ತಾರಾ?"

"ಇಲ್ಲಮ್ಮ, ಇನ್ನು ಹೇಗೆ ಮಾಡುತ್ತಾರೆ? ನೀವು ಬದುಕಿದ್ದೀರಿ ಅಂತ ಹೇಳಿಬಿಟ್ಟೆನಲ್ಲ."

ಅವರು ಲಟ್ಟಿಸಿದ ಹಪ್ಪಳವನ್ನು ಎತ್ತಿ ಬಟ್ಟೆಯ ಮೇಲೆ ಹರವಿದರು. ಇನ್ನೊಂದು ಉಂಡೆ ಕೈಗೆ ತೆಗೆದುಕೊಂಡರು.

"ಎಂತಕೆ ಹೇಳಿದ್ರಿ ಮಾಸ್ಟ್ರೆ?" ಎಂದರು. "ವರ್ಷಕ್ಕೊಂದು ದಿನ ಆದ್ರೂ ನೆನಿಸ್ಕಂತಿದ್ರು."